ಐನೂರು ರೂಪಾಯಿ ಕೊಟ್ಟು ಚಿತ್ರಕಥೆ ಓದಿಸಬೇಕಾ? ಮೊದಲ ಸ್ಕ್ರಿಪ್ಟ್ ಬರೆದವರಿಗೆ ಒಂದು ಲೆಕ್ಕಾಚಾರ

ಈ ವಾರದ ಮಾತುಕತೆಯ ಬರಹ ರೂಪ ಇದು. ವಿಡಿಯೋದಲ್ಲಿ ಓಡಿಸಿಕೊಂಡು ಹೇಳಿದ ಲೆಕ್ಕಗಳನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಬಿಡಿಸಿ ಬರೆದಿದ್ದೀನಿ.

ಪ್ರಶ್ನೆ ಏನಂದ್ರೆ: ನೀವು ಪುಣೆಯಲ್ಲೋ ಹೈದರಾಬಾದಲ್ಲೋ ಕೆಲಸ ಮಾಡ್ತಾ, ಶನಿವಾರ ಭಾನುವಾರ ಕೂತು, ಒಂದು ವರ್ಷ ಕಷ್ಟಪಟ್ಟು ಕನ್ನಡದಲ್ಲಿ ಒಂದು ಚಿತ್ರಕಥೆ ಮುಗಿಸಿದ್ದೀರಿ. ಸುತ್ತಮುತ್ತ ಅದನ್ನ ಓದೋರು ಯಾರೂ ಇಲ್ಲ. ಆಫೀಸಲ್ಲಿ ಪಕ್ಕದ ಸೀಟಿನವರಿಗೆ ಕನ್ನಡ ಬರಲ್ಲ, ಮನೆಯವರು ಮೂರನೇ ಪುಟಕ್ಕೇ "ಚೆನ್ನಾಗಿದೆ ಕಣೋ" ಅಂದುಬಿಟ್ರು. ಆಗ ಕಣ್ಣಿಗೆ ಬೀಳುತ್ತೆ ಒಂದು ಜಾಹೀರಾತು: ಪೂರ್ತಿ ಸ್ಕ್ರಿಪ್ಟ್ ಓದಿ ಫೀಡ್‌ಬ್ಯಾಕ್ ಕೊಡ್ತೀವಿ, 499 ರೂಪಾಯಿ, ಮೂರು ದಿನದಲ್ಲಿ. ಕೊಡಬೇಕಾ, ಬೇಡ್ವಾ?

ಉತ್ತರ ಮೊದಲೇ ಹೇಳಿಬಿಡ್ತೀನಿ. ಮೊದಲ ಡ್ರಾಫ್ಟಿಗೆ ಬೇಡ. ಎರಡು ಮೂರು ಸಲ ನೀವೇ ತಿದ್ದಿ, ದುಡ್ಡಿಲ್ಲದೆ ಮೂರು ಜನರ ಹತ್ರ ಓದಿಸಿ, ಆಮೇಲೂ ಒಂದು ನಿರ್ದಿಷ್ಟ ಪ್ರಶ್ನೆ ಉಳಿದಿದ್ರೆ ಕೊಡಿ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಐನೂರು ರೂಪಾಯಿ ಅಗ್ಗವೇ. "ಹೇಗಿದೆ?" ಅಂತ ಕೇಳೋದಕ್ಕೆ ಮಾತ್ರ ಆದ್ರೆ ಐನೂರೂ ದಂಡ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮಾರಾಟಕ್ಕಿರೋದು ಏನು?

ಫೀಡ್‌ಬ್ಯಾಕ್ ಅನ್ನೋ ಒಂದೇ ಹೆಸರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸಾಮಾನು ಮಾರ್ತಾರೆ.

ಮೊದಲನೇದು ಕವರೇಜ್. ಇದು ಹಾಲಿವುಡ್ಡಿನ ಪದ್ಧತಿ. ಅಲ್ಲಿ ಸ್ಟುಡಿಯೋಗಳಿಗೆ ಬಂದು ಬೀಳೋ ಸ್ಕ್ರಿಪ್ಟುಗಳನ್ನೆಲ್ಲ ನಿರ್ಮಾಪಕರೇ ಓದೋದು ಆಗದ ಮಾತು. ಅದಕ್ಕೆ ಸಂಬಳಕ್ಕೆ ಓದುಗರನ್ನ ಇಟ್ಟುಕೊಂಡ್ರು. ಓದುಗ ಸ್ಕ್ರಿಪ್ಟ್ ಓದಿ ಒಂದು ಸಾಲಿನಲ್ಲಿ ಕಥೆಯ ಎಳೆ, ಒಂದೆರಡು ಪುಟದಲ್ಲಿ ಸಾರಾಂಶ, ಆಮೇಲೆ ತನ್ನ ಅಭಿಪ್ರಾಯ ಬರೆದು, ಕೊನೆಗೆ ಮೂರರಲ್ಲಿ ಒಂದು ಮುದ್ರೆ ಒತ್ತುತ್ತಾನೆ: ಪಾಸ್, ಕನ್ಸಿಡರ್, ರೆಕಮೆಂಡ್. ಹುಷಾರು, ನಮ್ಮಲ್ಲಿ ಪಾಸ್ ಅಂದ್ರೆ ಸಿಹಿ ಹಂಚಬೇಕು, ಅಲ್ಲಿ ಪಾಸ್ ಅಂದ್ರೆ "ಬೇಡ, ಮುಂದಕ್ಕೆ ಹೋಗೋಣ" ಅಂತ. ಅಲ್ಲಿ ಪಾಸ್ ಆದೋನು ಫೇಲ್.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಕವರೇಜ್ ಹುಟ್ಟಿದ್ದು ಸ್ಕ್ರಿಪ್ಟ್ ಕೊಳ್ಳೋನಿಗೋಸ್ಕರ, ಬರೆಯೋನಿಗೋಸ್ಕರ ಅಲ್ಲ. "ಇದಕ್ಕೆ ನಾನು ಸಮಯ ಕೊಡಬೇಕಾ?" ಅನ್ನೋ ಬಾಸಿನ ಪ್ರಶ್ನೆಗೆ ಅದು ಉತ್ತರ. "ಇದನ್ನ ಹೇಗೆ ತಿದ್ದಲಿ?" ಅನ್ನೋ ನಿಮ್ಮ ಪ್ರಶ್ನೆಗೆ ಅದು ಉತ್ತರ ಅಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಕವರೇಜ್ ಬಿಲ್ಡ್ ಸ್ಟೇಟಸ್ ಇದ್ದಂಗೆ. ಕೆಂಪು ದೀಪ ಹತ್ತಿದೆ ಅಂತ ಗೊತ್ತಾಗುತ್ತೆ, ಯಾವ ಸಾಲಲ್ಲಿ ಮುರಿದಿದೆ ಅಂತ ಗೊತ್ತಾಗಲ್ಲ.

ಎರಡನೇದು ನೋಟ್ಸ್. ಇದು ಬರೆಯೋನಿಗೆ ಬರೆದಿದ್ದು. ಇಷ್ಟನೇ ಪುಟದಲ್ಲಿ ನಾಯಕಿ ಯಾಕೆ ಒಪ್ಪಿಕೊಂಡಳು ಅಂತ ಗೊತ್ತಾಗಲಿಲ್ಲ, ಇಂಟರ್‌ವಲ್ ಆದ್ಮೇಲೆ ಹದಿನೈದು ಪುಟ ಏನೂ ನಡೆಯಲ್ಲ, ಈ ಥರ. ಕೋಡ್ ರಿವ್ಯೂಗೆ ಹತ್ತಿರ. ನಿಮಗೆ ಬೇಕಾಗಿರೋದು ಇದು.

ಮೂರನೇದು ತಿದ್ದುಪಡಿ. ಕಾಗುಣಿತ, ಫಾರ್ಮ್ಯಾಟ್, ಸೀನ್ ಹೆಡಿಂಗ್ ಸರಿ ಮಾಡಿಕೊಡೋದು. ಲಿಂಟರ್ ಕೆಲಸ. ಇದಕ್ಕೆ ದುಡ್ಡು ಕೊಡಬೇಕಾಗೇ ಇಲ್ಲ. ಫೌಂಟನ್ ಅಂತ ಒಂದು ಸರಳ ಟೆಕ್ಸ್ಟ್ ಫಾರ್ಮ್ಯಾಟ್ ಇದೆ, ಮಾರ್ಕ್‌ಡೌನ್ ಗೊತ್ತಿರೋರಿಗೆ ಅರ್ಧ ಗಂಟೆಯಲ್ಲಿ ಬರುತ್ತೆ. ನೋಟ್‌ಪ್ಯಾಡಲ್ಲಿ ಬರೆದು ಗಿಟ್‌ನಲ್ಲಿ ಇಟ್ಟುಕೊಳ್ಳಬಹುದು, ಯಾವ ಡ್ರಾಫ್ಟಲ್ಲಿ ಏನು ಬದಲಾಯಿಸಿದ್ರಿ ಅಂತ ಡಿಫ್ ನೋಡಬಹುದು. ಇಂಗ್ಲಿಷಲ್ಲಿ ಬರೆಯೋದಾದ್ರೆ ಟ್ರೆಲ್ಬಿ ಥರದ ಉಚಿತ ಸಾಫ್ಟ್‌ವೇರ್ ಕೂಡ ಇದೆ.

499 ರೂಪಾಯಿ ಜಾಹೀರಾತಲ್ಲಿ ಈ ಮೂರರಲ್ಲಿ ಯಾವುದು ಅಂತ ಬರೆದಿಲ್ಲ ಅಂದ್ರೆ, ಮೊದಲು ಅದನ್ನೇ ಕೇಳಿ. ಉತ್ತರ ಸ್ಪಷ್ಟವಾಗಿ ಬರಲಿಲ್ಲ ಅಂದ್ರೆ ಅಲ್ಲಿಗೇ ಬಿಟ್ಟುಬಿಡಿ.

ಐನೂರು ರೂಪಾಯಿಗೆ ಎಷ್ಟು ಗಂಟೆ ಸಿಗುತ್ತೆ?

ಈಗ ಗಣಿತ. ಕೊರಿಯರ್ ಫಾಂಟಿನಲ್ಲಿ, 12 ಪಾಯಿಂಟ್ ಅಳತೆಯಲ್ಲಿ, ಸರಿಯಾದ ಫಾರ್ಮ್ಯಾಟಲ್ಲಿ ಬರೆದ ಸ್ಕ್ರಿಪ್ಟಿನ ಒಂದು ಪುಟ ಸುಮಾರು ಒಂದು ನಿಮಿಷದ ಸಿನಿಮಾ ಅನ್ನೋದು ರೂಢಿಯ ಲೆಕ್ಕ. ಎರಡು ಗಂಟೆ ಸಿನಿಮಾ ಅಂದ್ರೆ 120 ಪುಟ. ಗಮನ ಇಟ್ಟು ಓದೋಕೆ ಪುಟಕ್ಕೆ ಒಂದು ನಿಮಿಷ ಅಂದುಕೊಳ್ಳಿ, ಎರಡು ಗಂಟೆ. ಓದಿದ್ದನ್ನ ಯೋಚನೆ ಮಾಡಿ, ಪುಟ ಸಂಖ್ಯೆ ಸಮೇತ ಮೂರು ನಾಲ್ಕು ಪುಟ ನೋಟ್ಸ್ ಬರೆಯೋಕೆ ಇನ್ನೆರಡು ಗಂಟೆ. ಒಟ್ಟು ನಾಲ್ಕು.

ಐನೂರು ಭಾಗಿಸು ನಾಲ್ಕು, ಗಂಟೆಗೆ 125 ರೂಪಾಯಿ. ಫೈವರ್ ಥರದ ತಾಣದ ಮೂಲಕ ಆದ್ರೆ ಮಾರೋನ ಕೈಗೆ ಬರೋದರಲ್ಲಿ ಶೇಕಡಾ 20 ತಾಣಕ್ಕೇ ಹೋಗುತ್ತೆ. ಉಳಿದಿದ್ದು 400, ಗಂಟೆಗೆ ನೂರು ರೂಪಾಯಿ.

ಈಗ ನೀವೇ ಹೇಳಿ, ಚಿತ್ರಕಥೆ ಬಗ್ಗೆ ನಿಜವಾಗಲೂ ಪರಿಣತಿ ಇರೋ ಒಬ್ಬರು ಗಂಟೆಗೆ ನೂರು ರೂಪಾಯಿಗೆ ನಿಮಗೋಸ್ಕರ ನಾಲ್ಕು ಗಂಟೆ ಕೂರ್ತಾರಾ? ಹಾಗಾಗಿ ಆ ಬೆಲೆಗೆ ಎಲ್ಲೋ ಒಂದು ಕಡೆ ಕತ್ತರಿ ಬೀಳಲೇಬೇಕು. ನಾಲ್ಕು ಥರ ಬೀಳುತ್ತೆ.

ಒಂದು, ಓದೋರು ಹೊಸಬರು. ತಮ್ಮ ಹೆಸರು ಕಟ್ಟಿಕೊಳ್ಳೋಕೆ ಕಡಿಮೆ ಬೆಲೆಗೆ ಮಾಡ್ತಿರ್ತಾರೆ. ಇದರಲ್ಲಿ ತಪ್ಪೇನಿಲ್ಲ. ಶ್ರದ್ಧೆ ಇರೋ ಹೊಸಬ ಓದುಗ ಒಬ್ಬ ಪ್ರಾಮಾಣಿಕ ಪ್ರೇಕ್ಷಕ ಆಗಬಲ್ಲ. ಅವನು ಎಲ್ಲಿ ಬೋರ್ ಆಯ್ತು ಅಂತ ಹೇಳಿದ್ರೆ ನಂಬಬಹುದು. ಹೇಗೆ ಸರಿ ಮಾಡಬೇಕು ಅಂತ ಹೇಳಿದ್ರೆ ಸ್ವಲ್ಪ ಉಪ್ಪು ಹಾಕಿಕೊಂಡು ಕೇಳಿ.

ಎರಡು, ಮೊದಲ ಮೂವತ್ತು ಪುಟ, ಕೊನೆಯ ಹತ್ತು ಪುಟ ಓದಿ ಬರೆಯೋರು. ಮಧ್ಯ ಭಾಗದ ಬಗ್ಗೆ ಒಂದೂ ನಿರ್ದಿಷ್ಟ ಮಾತು ಇಲ್ಲ ಅಂದ್ರೆ ಅನುಮಾನ ಪಡಿ.

ಮೂರು, ಅಚ್ಚು. "ಪಾತ್ರಗಳಿಗೆ ಇನ್ನಷ್ಟು ಆಳ ಬೇಕು, ಎರಡನೇ ಭಾಗ ಬಿಗಿಯಾಗಬೇಕು, ಸಂಘರ್ಷ ಹೆಚ್ಚಬೇಕು." ಪ್ರಪಂಚದ ಯಾವ ಸ್ಕ್ರಿಪ್ಟಿಗೆ ಈ ಮೂರು ಮಾತು ಒಪ್ಪಲ್ಲ?

ನಾಲ್ಕು, ನಿಮ್ಮ ಪಿಡಿಎಫ್ ತಗೊಂಡು ಎಐ ಚಾಟ್‌ಬಾಟಿಗೆ ಹಾಕಿ, ಬಂದಿದ್ದನ್ನ ಕಳಿಸೋರು. ಅದು ಬೇಕಿದ್ರೆ ನೀವೇ ಪುಕ್ಕಟೆಯಾಗಿ ಮಾಡಿಕೊಳ್ಳಬಹುದು. ಸಾರಾಂಶ, ಸೀನ್ ಪಟ್ಟಿ, ಪಾತ್ರದ ಹೆಸರು ಮಧ್ಯದಲ್ಲಿ ಬದಲಾಗಿದೆಯಾ ಅನ್ನೋ ಥರದ ಕೆಲಸಕ್ಕೆ ಅದು ಪರವಾಗಿಲ್ಲ. ಆದ್ರೆ ಅದಕ್ಕೆ ಬೇಜಾರಾಗಲ್ಲ. ನಿಮಗೆ ಬೇಕಾಗಿರೋದು ಯಾರಿಗಾದ್ರೂ ಎಲ್ಲಿ ಬೇಜಾರಾಯ್ತು ಅನ್ನೋ ಮಾಹಿತಿ.

ಬಂದ ನೋಟ್ಸ್ ಈ ನಾಲ್ಕರಲ್ಲಿ ಯಾವ ಜಾತಿ ಅಂತ ತಿಳಿಯೋಕೆ ಸುಲಭದ ಪರೀಕ್ಷೆ ಇದೆ. ನೋಟ್ಸಿನಲ್ಲಿರೋ ನಿಮ್ಮ ಪಾತ್ರಗಳ ಹೆಸರು ಅಳಿಸಿ, ಬೇರೆ ಯಾವುದೋ ಸಿನಿಮಾದ ಪಾತ್ರಗಳ ಹೆಸರು ಹಾಕಿ. ಆಗಲೂ ಮಾತು ಸರಿಹೊಂದುತ್ತಾ? ಸರಿಹೊಂದಿದ್ರೆ ಅದು ನಿಮ್ಮ ಸ್ಕ್ರಿಪ್ಟಿನ ಬಗ್ಗೆ ಬರೆದಿದ್ದಲ್ಲ.

ನಕ್ಷತ್ರಗಳ ತೊಂದರೆ

ಅಗ್ಗದ ಸೇವೆಯಲ್ಲಿ ಇನ್ನೊಂದು ಸಮಸ್ಯೆ ಇದೆ. ಓದುಗ ನಿಮಗೆ ಮಾರ್ಕ್ಸ್ ಕೊಡ್ತಾನೆ, ನೀವೂ ಅವನಿಗೆ ಸ್ಟಾರ್ ಕೊಡ್ತೀರಿ. ಅವನ ಮುಂದಿನ ಗಿರಾಕಿ ಬರೋದು ನಿಮ್ಮ ಐದು ಸ್ಟಾರ್ ನೋಡಿ. ಒಂದು ವರ್ಷ ಬೆವರು ಸುರಿಸಿ ಬರೆದವನಿಗೆ "ಇದನ್ನ ಮೊದಲಿಂದ ಬರೀಬೇಕು" ಅಂದ್ರೆ ಎಷ್ಟು ಸ್ಟಾರ್ ಸಿಗಬಹುದು? ಹಾಗಾಗಿ ಆ ವ್ಯವಸ್ಥೆಯೇ ಸಿಹಿ ಮಾತಿನ ಕಡೆ ವಾಲುತ್ತೆ. ಕೆಟ್ಟ ಮನಸ್ಸಿಂದ ಅಲ್ಲ, ಹೊಟ್ಟೆಪಾಡಿಂದ.

ಇದರ ಉಲ್ಟಾ ಕೂಡ ಉಂಟು. ಮೊದಲ ಅಗ್ಗದ ಫೀಡ್‌ಬ್ಯಾಕಲ್ಲಿ ಚೆನ್ನಾಗಿ ಬೈದು, ಕೊನೆಗೆ "ಇದನ್ನ ಸರಿ ಮಾಡೋಕೆ ನಮ್ಮ 15,000 ರೂಪಾಯಿಯ ಪ್ಯಾಕೇಜ್ ಇದೆ" ಅಂತ ಮುಗಿಸೋದು. ಅಲ್ಲಿ 499 ಅನ್ನೋದು ಬೆಲೆ ಅಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳ. ನೋಟ್ಸಿನ ಕೊನೆಯ ಪ್ಯಾರಾ ಮೊದಲು ಓದಿ, ಗೊತ್ತಾಗುತ್ತೆ.

ನಮ್ಮ ವಿಶೇಷ ಸಮಸ್ಯೆ: ಕನ್ನಡ

ಈಗ ನಮ್ಮಂಥೋರಿಗೆ, ಅಂದ್ರೆ ಹೊರಗಿದ್ದು ಕನ್ನಡದಲ್ಲಿ ಬರೆಯೋರಿಗೆ, ನಿಜವಾದ ತೊಡಕು ಎಲ್ಲಿದೆ ಅಂತ ನೋಡೋಣ. ಅಗ್ಗದ ಓದುಗರಲ್ಲಿ ಹೆಚ್ಚಿನವರು ಇಂಗ್ಲಿಷ್ ಅಥವಾ ಹಿಂದಿ ಸ್ಕ್ರಿಪ್ಟ್ ಓದೋರು. ಹಾಗಾಗಿ ಹಲವರು ತಮ್ಮ ಸಂಭಾಷಣೆಯನ್ನ ಇಂಗ್ಲಿಷಿಗೆ ತಂದು ಕಳಿಸ್ತಾರೆ.

ಒಂದು ಕಾಲ್ಪನಿಕ ಉದಾಹರಣೆ ತಗೊಳ್ಳಿ. ಮಗ ಪುಣೆಯಲ್ಲಿದ್ದಾನೆ, ತಾಯಿ ಗದಗದ ಹತ್ರ ಹಳ್ಳಿಯಲ್ಲಿ. ಅಪ್ಪ ಜಮೀನು ಮಾರಿದ ವಿಷಯ ತಾಯಿ ಮಗನಿಗೆ ಹೇಳಿಲ್ಲ. ಫೋನ್ ಮಾಡ್ತಾಳೆ. "ಊಟ ಆತೇನ್?" ಅಂತಾಳೆ. ಮಗ ಆತು ಅಂತಾನೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ, "ಏನ್ ಉಂಡಿ?" ಅಂತಾಳೆ. ಅವನು ಹೇಳ್ತಾನೆ. ಅವಳು ಇನ್ನೊಮ್ಮೆ, "ಹೊಟ್ಟಿ ತುಂಬ ಉಂಡ್ಯೋ ಇಲ್ಲೋ?" ಅಂತಾಳೆ. ಗದಗ, ಧಾರವಾಡ ಕಡೆಯೋರು ಇದನ್ನ ಓದಿದ್ರೆ ಏನೋ ಆಗಿದೆ, ಹೇಳೋಕೆ ಆಗ್ತಿಲ್ಲ ಅಂತ ಎರಡನೇ ಪ್ರಶ್ನೆಗೇ ಗೊತ್ತಾಗುತ್ತೆ. ಇದನ್ನೇ ಇಂಗ್ಲಿಷಿಗೆ ಹಾಕಿದ್ರೆ ಮೂರು ಸಲ ಊಟದ ವಿಚಾರ. ಓದುಗ ಅಂಚಲ್ಲಿ ಬರೀತಾನೆ: ಪುನರಾವರ್ತನೆ, ತೆಗೀರಿ. ಅವನ ಕಡೆಯಿಂದ ಅದು ಸರಿಯಾದ ನೋಟ್. ನೀವು ಅದನ್ನ ನಂಬಿ ತೆಗೆದ್ರೆ ಸೀನೇ ಸತ್ತುಹೋಗುತ್ತೆ.

ಯಾರಾದ್ರೂ ಕೇಳಬಹುದು, ತಿಥಿ ಸಿನಿಮಾ ಪೂರ್ತಿ ಮಂಡ್ಯದ ಕನ್ನಡ, 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದ ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದಿತಲ್ಲ, ಅಲ್ಲಿಯವರು ಸಬ್‌ಟೈಟಲ್ ಓದಿಯೇ ತಾನೇ ನೋಡಿದ್ದು? ನಿಜ. ಆದ್ರೆ ಅವರ ಮುಂದೆ ಮುಖ ಇತ್ತು, ದನಿ ಇತ್ತು, ಆ ಹಳ್ಳಿಯ ಜನರೇ ಪಾತ್ರ ಮಾಡಿದ್ರು. ಮಾತು ಬಿಟ್ಟುಹೋದ ಕಡೆ ಮುಖ ತುಂಬಿಕೊಡ್ತು. ಸ್ಕ್ರಿಪ್ಟ್ ಓದೋನ ಹತ್ರ ಇರೋದು ಕಾಗದ ಮಾತ್ರ.

ಹಾಗಾದ್ರೆ ಕನ್ನಡ ಬಾರದ ಓದುಗನಿಂದ ಏನೂ ಪ್ರಯೋಜನ ಇಲ್ವಾ? ಇದೆ, ಅದು ಸಂಭಾಷಣೆಯಲ್ಲಿ ಅಲ್ಲ, ಕಟ್ಟೋಣದಲ್ಲಿ. ನಮ್ಮ ಸಿನಿಮಾ ಟೈಟಲ್ ಕಾರ್ಡಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಅಂತ ಮೂರು ಬೇರೆ ಬೇರೆ ಹೆಸರು ಬರುತ್ತಲ್ಲ, ಅದು ಸುಮ್ಮನೆ ಅಲ್ಲ. ಮೂರು ಬೇರೆ ಕೆಲಸ. ಯಾವ ಸೀನ್ ಆದ್ಮೇಲೆ ಯಾವುದು ಬರಬೇಕು, ಯಾರಿಗೆ ಏನು ಬೇಕು, ಅಡ್ಡಿ ಏನು, ಯಾವಾಗ ಪ್ರೇಕ್ಷಕನಿಗೆ ಯಾವ ಗುಟ್ಟು ಹೇಳಬೇಕು, ಇವಕ್ಕೆ ಭಾಷೆಯ ಹಂಗು ಕಡಿಮೆ. ಹಾಗಾಗಿ ಪೂರ್ತಿ 120 ಪುಟ ಅನುವಾದ ಮಾಡಿ ಕಳಿಸೋ ಬದಲು, 10-12 ಪುಟದಲ್ಲಿ ಸೀನ್‌ವಾರು ಕಥೆಯನ್ನ ಇಂಗ್ಲಿಷಲ್ಲಿ ಬರೆದು, ಅದರ ಮೇಲೆ ಮಾತ್ರ ನೋಟ್ಸ್ ಕೇಳಿ. ಈಗ ಅದೇ ಐನೂರು ರೂಪಾಯಿಯ ಗಣಿತ ಮಾಡಿ ನೋಡಿ: ಓದೋಕೆ ಅರ್ಧ ಗಂಟೆ, ಬರೆಯೋಕೆ ಒಂದು ಗಂಟೆ. ಬೆಲೆಗೂ ಕೆಲಸಕ್ಕೂ ತಾಳೆ ಬೀಳುತ್ತೆ, ಒಳ್ಳೆ ಕೆಲಸ ಸಿಗೋ ಸಾಧ್ಯತೆ ಹೆಚ್ಚು. ಸಂಭಾಷಣೆಯನ್ನ ಕನ್ನಡದವರಿಗೇ ತೋರಿಸಿ.

ಇನ್ನೊಂದು ಮಾತು. ಅಮೆರಿಕದ ಬ್ಲ್ಯಾಕ್ ಲಿಸ್ಟ್ ಬಗ್ಗೆ ಕೆಲವರು ಕೇಳ್ತಾರೆ. ಫ್ರಾಂಕ್ಲಿನ್ ಲೆನರ್ಡ್ 2005ರಲ್ಲಿ ಶುರು ಮಾಡಿದ ವಾರ್ಷಿಕ ಪಟ್ಟಿ ಅದು, 2012ರಿಂದ ದುಡ್ಡು ಕೊಟ್ಟು ಮೌಲ್ಯಮಾಪನ ಮಾಡಿಸಿಕೊಳ್ಳೋ ವೆಬ್‌ಸೈಟೂ ಇದೆ. ಒಂದು ಮೌಲ್ಯಮಾಪನಕ್ಕೆ 100 ಡಾಲರ್ ಆಸುಪಾಸು, ಸ್ಕ್ರಿಪ್ಟ್ ಅಲ್ಲಿ ಇಡೋಕೆ ತಿಂಗಳ ಬಾಡಿಗೆ ಬೇರೆ. ಒಳ್ಳೆ ಮಾರ್ಕ್ಸ್ ಬಂದ್ರೆ ಹಾಲಿವುಡ್ಡಿನವರ ಕಣ್ಣಿಗೆ ಬೀಳಲಿ ಅನ್ನೋದು ಉದ್ದೇಶ. ಇಂಗ್ಲಿಷಲ್ಲಿ ಬರೆಯೋರಿಗೆ ಸರಿ. ಕನ್ನಡ ಸಿನಿಮಾಗೆ ಬರೆಯೋರಿಗೆ ಆ ಮಾರ್ಕ್ಸ್ ತಗೊಂಡು ಗಾಂಧಿನಗರದಲ್ಲಿ ಯಾರಿಗೆ ತೋರಿಸ್ತೀರಿ?

ಗಾಂಧಿನಗರದಲ್ಲಿ ಕಥೆ ಓದಲ್ಲ, ಕೇಳ್ತಾರೆ. ನಿರ್ಮಾಪಕರ ಮುಂದೆ, ನಟರ ಮುಂದೆ ಕೂತು ಒಂದೂವರೆ ಎರಡು ಗಂಟೆ ಕಥೆ ಹೇಳೋದೇ ಅಲ್ಲಿನ ಬಾಗಿಲು. ಹಾಗಾಗಿ ಹಣ ಕೊಟ್ಟು ಏನಾದ್ರೂ ಪಡೀಬೇಕು ಅಂದ್ರೆ, ಕನ್ನಡ ಸಿನಿಮಾದಲ್ಲಿ ಸಹಾಯಕ ನಿರ್ದೇಶಕರಾಗಿ ದುಡಿದ ಯಾರಾದ್ರೂ ಒಬ್ಬರಿಗೆ ವಿಡಿಯೋ ಕಾಲಲ್ಲಿ ಒಂದು ಗಂಟೆ ಕಥೆ ಹೇಳಿ, ಎಲ್ಲಿ ಅವರ ಗಮನ ಜಾರಿತು ಅಂತ ಕೇಳಿ. ಅವರ ಒಂದು ಗಂಟೆಗೆ ಸಾವಿರ ರೂಪಾಯಿ ಕೊಟ್ರೂ ನನ್ನ ಪ್ರಕಾರ ಅದು ಹೆಚ್ಚು ಬಾಳುತ್ತೆ.

ದುಡ್ಡು ಕೊಡೋ ಮೊದಲು ಮಾಡಬೇಕಾದ್ದು

ಕೋಡ್ ರಿವ್ಯೂಗೆ ಕಳಿಸೋ ಮೊದಲು ನಮ್ಮ ಟೆಸ್ಟ್ ನಾವೇ ಓಡಿಸ್ತೀವಿ ಅಲ್ವಾ, ಹಾಗೆ ಇಲ್ಲೂ.

ಮೊದಲು, ಮುಗಿದ ಸ್ಕ್ರಿಪ್ಟನ್ನ ಎರಡು ವಾರ ಮುಟ್ಟಬೇಡಿ. ಆಮೇಲೆ ಒಂದೇ ಸಿಟ್ಟಿಂಗಲ್ಲಿ, ಪೆನ್ನು ಹಿಡಿಯದೆ ಓದಿ. ಎಲ್ಲಿ ನಿಮಗೇ ಪುಟ ತಿರುಗಿಸೋ ಆತುರ ಆಯ್ತು ಅಂತ ಮಾತ್ರ ನೆನಪಿಟ್ಟುಕೊಳ್ಳಿ.

ಎರಡನೇದು, ಒಂದು ಸ್ಪ್ರೆಡ್‌ಶೀಟ್. ಪ್ರತಿ ಸೀನಿಗೆ ಒಂದು ಸಾಲು. ನಾಲ್ಕು ಕಾಲಂ: ಸೀನ್ ನಂಬರ್, ಇಲ್ಲಿ ಯಾರಿಗೆ ಏನು ಬೇಕು, ಯಾವುದು ಅಡ್ಡ ಬಂತು, ಸೀನ್ ಮುಗಿದಾಗ ಏನು ಬದಲಾಯ್ತು. ನಾಲ್ಕನೇ ಕಾಲಂ ಖಾಲಿ ಇರೋ ಸೀನುಗಳಿಗೆ ಬಣ್ಣ ಹಚ್ಚಿ. ಮೊದಲ ಸ್ಕ್ರಿಪ್ಟಲ್ಲಿ ಅಂಥವು ಸಾಲಾಗಿ ಏಳೆಂಟು ಬಂದ್ರೆ ಆಶ್ಚರ್ಯ ಪಡಬೇಡಿ. ಅಗ್ಗದ ಓದುಗ ಹೇಳಬಹುದಾಗಿದ್ದ "ಮಧ್ಯ ಭಾಗ ಎಳೆಯುತ್ತೆ" ಅನ್ನೋ ಮಾತು ನಿಮಗೇ ಕಣ್ಣಿಗೆ ಕಾಣುತ್ತೆ, ಅದೂ ಸೀನ್ ನಂಬರ್ ಸಮೇತ.

ಮೂರನೇದು, ಗಟ್ಟಿಯಾಗಿ ಓದಿಸೋದು. ಐದಾರು ಜನ ಕನ್ನಡದವರನ್ನ ಭಾನುವಾರ ಮನೆಗೆ ಕರೀರಿ, ಉಪ್ಪಿಟ್ಟು ಕಾಫಿ ಖರ್ಚು ನಿಮ್ದು. ಪಾತ್ರ ಹಂಚಿ. ಸೀನಿನ ವಿವರಣೆ ಓದೋಕೂ ಬೇರೆಯವರನ್ನೇ ಕೂರಿಸಿ. ನೀವು ಓದಬೇಡಿ, ವಿವರಿಸಬೇಡಿ, ಬಾಯಿ ಮುಚ್ಚಿಕೊಂಡು ಅವರ ಮುಖ ನೋಡಿ. ನಮ್ಮ ಪುಣೆ ಗುಂಪಲ್ಲಿ ಒಬ್ಬ ಗೆಳೆಯನ ಸ್ಕ್ರಿಪ್ಟ್ ಹೀಗೆ ಓದಿದಾಗ ನಾಲ್ಕು ಪುಟದ ಒಂದು ಜಗಳದ ಸೀನಿತ್ತು. ಅವನಿಗೆ ತುಂಬ ಇಷ್ಟದ್ದು. ಎರಡನೇ ಪುಟಕ್ಕೆ ಒಬ್ಬರು ಕಾಫಿಗೆ ಎದ್ರು, ಮೂರನೇ ಪುಟಕ್ಕೆ ಇನ್ನಿಬ್ಬರ ಕೈ ಫೋನಿಗೆ ಹೋಯ್ತು. ಯಾರೂ ಏನೂ ಹೇಳಲಿಲ್ಲ, ಹೇಳಬೇಕಾಗೂ ಇರಲಿಲ್ಲ. ಮುಂದಿನ ಡ್ರಾಫ್ಟಲ್ಲಿ ಆ ಸೀನ್ ಒಂದು ಪುಟ. ಈ ಮಾಹಿತಿಗೆ ಯಾರೂ ಬಿಲ್ ಕೊಡಲಿಲ್ಲ.

ನಾಲ್ಕನೇದು, ವಿನಿಮಯ. ನಿಮ್ಮಂತೆಯೇ ಬರೆಯೋ ಇನ್ನೊಬ್ಬರ ಸ್ಕ್ರಿಪ್ಟ್ ನೀವು ಓದಿ, ನಿಮ್ಮದು ಅವರು ಓದಲಿ. ಬೇರೆಯವರ ತಪ್ಪು ಹುಡುಕ್ತಾ ಹುಡುಕ್ತಾ ನಿಮ್ಮ ತಪ್ಪು ಕಾಣೋಕೆ ಶುರುವಾಗುತ್ತೆ. ಇದಕ್ಕೆ ಪೂರಕವಾಗಿ ಸ್ಕ್ರಿಪ್ಟ್‌ನೋಟ್ಸ್ ಅನ್ನೋ ಪಾಡ್‌ಕಾಸ್ಟ್ ಕೇಳಿ. ಜಾನ್ ಆಗಸ್ಟ್, ಕ್ರೇಗ್ ಮೇಜಿನ್ ಅನ್ನೋ ಇಬ್ಬರು ವೃತ್ತಿಪರ ಲೇಖಕರು 2011ರಿಂದ ನಡೆಸ್ತಿದ್ದಾರೆ. ಅದರಲ್ಲಿ ಆಗಾಗ ಹೊಸಬರು ಕಳಿಸಿದ ಮೊದಲ ಮೂರು ಪುಟಗಳನ್ನ ಮಾತ್ರ ತಗೊಂಡು ಚರ್ಚೆ ಮಾಡ್ತಾರೆ. ಒಳ್ಳೆ ನೋಟ್ ಅಂದ್ರೆ ಹೇಗಿರುತ್ತೆ ಅಂತ ಕಿವಿಗೆ ಬಿದ್ರೆ, ನೀವು ಕೊಂಡ ನೋಟ್ ಎಂಥದ್ದು ಅಂತ ತೂಗೋಕೆ ತಕ್ಕಡಿ ಸಿಕ್ಕಂತಾಯ್ತು.

ಕದ್ದುಬಿಟ್ರೆ?

ಈ ಭಯ ಎಲ್ಲರಿಗೂ ಇದೆ. ಕಾನೂನು ಹೇಳೋದು ಇಷ್ಟು. ನೀವು ಬರೆದ ಕ್ಷಣದಿಂದ ಕೃತಿಸ್ವಾಮ್ಯ ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಆದ್ರೆ ಐಡಿಯಾಗೆ ಕೃತಿಸ್ವಾಮ್ಯ ಇಲ್ಲ, ಅದನ್ನ ನೀವು ಬರೆದು ಕಟ್ಟಿದ ರೂಪಕ್ಕೆ ಇದೆ. 1978ರಲ್ಲಿ ಆರ್.ಜಿ. ಆನಂದ್ ವಿರುದ್ಧ ಡಿಲಕ್ಸ್ ಫಿಲ್ಮ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿತು. ನಾಟಕಕಾರರೊಬ್ಬರು ನ್ಯೂ ಡೆಲ್ಲಿ ಸಿನಿಮಾ ತಮ್ಮ ನಾಟಕದ ನಕಲು ಅಂತ ಹೂಡಿದ ದಾವೆ ಅದು, ಎಳೆ ಒಂದೇ ಇದ್ರೂ ಬೆಳೆಸಿದ ರೀತಿ ಬೇರೆ ಅಂತ ದಾವೆ ಬಿದ್ದುಹೋಯ್ತು.

ಹಾಗಾಗಿ "ಒಂದು ಸಾಲಿನ ಕಥೆ ಕದ್ದರು" ಅನ್ನೋ ಜಗಳದಲ್ಲಿ ಗೆಲ್ಲೋದು ಕಷ್ಟ, ಪೂರ್ತಿ ಬರೆದ ಸ್ಕ್ರಿಪ್ಟಿಗೆ ರಕ್ಷಣೆ ಗಟ್ಟಿ. ಹೊರಗೆ ಕಳಿಸೋ ಮೊದಲು ದಿನಾಂಕದ ಪುರಾವೆ ಮಾಡಿಟ್ಟುಕೊಳ್ಳಿ. ಕೇಂದ್ರ ಸರ್ಕಾರದ ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿ ನೋಂದಣಿಗೆ ಶುಲ್ಕ 500 ರೂಪಾಯಿ, ಆನ್‌ಲೈನಲ್ಲೇ ಅರ್ಜಿ ಹಾಕಬಹುದು. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದ್ರೆ ಅಲ್ಲಿಯೂ ಆನ್‌ಲೈನ್ ನೋಂದಣಿ ಇದೆ. ನಿಮ್ಮ ಹತ್ರ ಒಂದೇ ಐನೂರರ ನೋಟು ಇದ್ರೆ, ಅದು ಮೊದಲು ಹೋಗಬೇಕಾದ್ದು ಓದುಗನಿಗಲ್ಲ, ಇಲ್ಲಿಗೆ.

ನಮ್ಮವರಿಗೆ ಇನ್ನೊಂದು ಕಿವಿಮಾತು. ನಿಮ್ಮ ಉದ್ಯೋಗದ ಕರಾರಿನಲ್ಲಿ ಬೌದ್ಧಿಕ ಆಸ್ತಿಯ ಕಲಂ ಒಮ್ಮೆ ಓದಿ. ಸ್ಕ್ರಿಪ್ಟನ್ನ ಕಂಪನಿ ಲ್ಯಾಪ್‌ಟಾಪಲ್ಲಿ, ಕಂಪನಿ ಮೇಲ್‌ನಲ್ಲಿ ಇಡಬೇಡಿ. ಸ್ವಂತ ಯಂತ್ರ, ಸ್ವಂತ ಸಮಯ, ಸ್ವಂತ ಖಾತೆ.

ಕೊಡೋದೇ ಆದ್ರೆ ಹೇಗೆ?

ಪೂರ್ತಿ ಸ್ಕ್ರಿಪ್ಟ್ ಒಬ್ಬರಿಗೆ ಕೊಡಬೇಡಿ. ಮೊದಲ ಹತ್ತು ಪುಟ ಇಬ್ಬರಿಗೆ ಕೊಡಿ. ಒಬ್ಬ ಓದುಗ ಅಂದ್ರೆ ಸ್ಯಾಂಪಲ್ ಸೈಜ್ ಒಂದು, ಅದರಿಂದ ಏನನ್ನೂ ತೀರ್ಮಾನ ಮಾಡೋಕಾಗಲ್ಲ. ಇಬ್ಬರೂ ಒಂದೇ ಜಾಗದಲ್ಲಿ ಎಡವಿದ್ರೆ, ಕಾರಣ ಬೇರೆ ಬೇರೆ ಹೇಳಿದ್ರೂ, ಆ ಜಾಗದಲ್ಲಿ ಕಲ್ಲು ಇದೆ ಅಂತ ಅರ್ಥ. ಕಾರಣ ನೀವೇ ಹುಡುಕಿ.

ಕಳಿಸೋವಾಗ ಮೂರು ಪ್ರಶ್ನೆ ಬರೆದು ಕಳಿಸಿ. ಉದಾಹರಣೆಗೆ: ಎಷ್ಟನೇ ಪುಟದಲ್ಲಿ ನಾಯಕನಿಗೆ ಏನು ಬೇಕು ಅಂತ ಅರ್ಥ ಆಯ್ತು? ಎಲ್ಲಿ ಓದು ನಿಲ್ಲಿಸೋಣ ಅನ್ನಿಸ್ತು? ಕೊನೆ ಮೊದಲೇ ಊಹಿಸಿದ್ರಾ, ಯಾವ ಪುಟದಲ್ಲಿ? ಇವು ಓದಿದೋರು ಮಾತ್ರ ಉತ್ತರ ಕೊಡಬಲ್ಲ ಪ್ರಶ್ನೆಗಳು. "ಪಾತ್ರಕ್ಕೆ ಆಳ ಬೇಕು" ಅಂತ ಹೇಳಿ ತಪ್ಪಿಸಿಕೊಳ್ಳೋಕೆ ಜಾಗ ಇಲ್ಲ.

ಮಾರೋರನ್ನ ಮೊದಲೇ ಕೇಳಬೇಕಾದ್ದೂ ಇದೆ: ನೀವು ಬರೆದ ಹಳೆಯ ನೋಟ್ಸ್ ಒಂದರ ಮಾದರಿ, ಹೆಸರು ಅಳಿಸಿ, ತೋರಿಸ್ತೀರಾ? ಕನ್ನಡ ಓದಕ್ಕೆ ಬರುತ್ತಾ? ಓದಿದ ಮೇಲೆ ಹದಿನೈದು ನಿಮಿಷ ಫೋನಲ್ಲಿ ಮಾತಾಡ್ತೀರಾ? ಮೂರನೇದಕ್ಕೆ ಹೂಂ ಅಂದೋರನ್ನ ಆರಿಸಿ. ಓದದೇ ಇರೋರಿಗೆ ಆ ಹದಿನೈದು ನಿಮಿಷ ತುಂಬ ಉದ್ದ.

ನೋಟ್ಸ್ ಬಂದ ಮೇಲೆ ಎರಡು ದಿನ ಏನೂ ಮಾಡಬೇಡಿ. ಉತ್ತರ ಬರೀಬೇಡಿ, ಸಮರ್ಥನೆ ಕೊಡಬೇಡಿ. ಆಮೇಲೆ ಮೂರು ಭಾಗ ಮಾಡಿ. ನಿಮಗೂ ಒಳಗೊಳಗೇ ಗೊತ್ತಿದ್ದದ್ದು: ಇವತ್ತೇ ತಿದ್ದಿ. ಹೊಸದು ಆದ್ರೆ ಸರಿ ಅನ್ನಿಸಿದ್ದು: ಒಂದು ಸೀನಲ್ಲಿ ಪ್ರಯತ್ನಿಸಿ ನೋಡಿ. ಅರ್ಥ ಆಗದ್ದು, ಒಪ್ಪದ್ದು: ಎತ್ತಿಡಿ, ಇನ್ನೊಬ್ಬ ಓದುಗ ಅದನ್ನೇ ಹೇಳಿದ್ರೆ ಹೊರಗೆ ತೆಗೀರಿ.

ಆ ಕಾಗದಕ್ಕೆ ಎಷ್ಟು ತೂಕ ಕೊಡಬೇಕು?

ಕೊನೆಯದಾಗಿ, ಹೆಚ್ಚು ಮುಖ್ಯ ಅಂತ ನನಗೆ ಅನ್ನಿಸೋದು. ಐಟಿ ಕೆಲಸ ನಮಗೆ ಒಂದು ಅಭ್ಯಾಸ ಹಚ್ಚಿಬಿಟ್ಟಿದೆ. ವರ್ಷಕ್ಕೊಮ್ಮೆ ಯಾರೋ ಒಬ್ಬರು ನಮಗೆ ಒಂದು ನಂಬರ್ ಕೊಡ್ತಾರೆ, ನಾವು ಅದನ್ನ ನಂಬ್ತೀವಿ. ಸ್ಕ್ರಿಪ್ಟ್ ಬರೆದಾಗಲೂ ನಾವು ಹುಡುಕೋದು ಆ ನಂಬರನ್ನೇ. ಹತ್ತಕ್ಕೆ ಎಂಟು ಬಂತು ಅಂದ್ರೆ ನೋಟಿಸ್ ಪೀರಿಯಡ್ ಎಷ್ಟು ದಿನ ಅಂತ ಲೆಕ್ಕ ಹಾಕೋಕೆ ಶುರು. ಹತ್ತಕ್ಕೆ ಮೂರು ಬಂದ್ರೆ ಫೋಲ್ಡರ್ ಮುಚ್ಚಿ, ಮತ್ತೆ ಬರೆಯೋದೇ ಇಲ್ಲ.

ಎರಡೂ ಬೇಡ. ಗಂಟೆಗೆ ನೂರು ರೂಪಾಯಿ ಲೆಕ್ಕದಲ್ಲಿ ಕೊಂಡ ಅಭಿಪ್ರಾಯದ ಮೇಲೆ ಮನೆ ಸಾಲದ ಕಂತು ಇರೋ ಮನುಷ್ಯ ಕೆಲಸ ಬಿಡಬಾರದು. ಅದೇ ಅಭಿಪ್ರಾಯದ ಮೇಲೆ, ಊರು ಬಿಟ್ಟು ಬಂದು ಊರಿನ ಬಗ್ಗೆ ಬರೆದ ಮೊದಲ ಕಥೆಯನ್ನ ಹೂಳಲೂ ಬಾರದು. ಅದನ್ನ ಅಪ್ರೈಸಲ್ ಥರ ಓದಬೇಡಿ, ಬಗ್ ರಿಪೋರ್ಟ್ ಥರ ಓದಿ. ಬಗ್ ರಿಪೋರ್ಟ್ ಬಂದ್ರೆ ನಾವು ಅಳಲ್ಲ, ರಾಜೀನಾಮೆ ಕೊಡಲ್ಲ. ರಿಪ್ರೊಡ್ಯೂಸ್ ಆಗುತ್ತಾ ಅಂತ ನೋಡ್ತೀವಿ, ಆದ್ರೆ ಸರಿ ಮಾಡ್ತೀವಿ, ಇಲ್ಲಾಂದ್ರೆ ಮುಚ್ಚಿ ಮುಂದಕ್ಕೆ ಹೋಗ್ತೀವಿ.

ಒಟ್ಟು ಎರಡು ಸಾವಿರ ರೂಪಾಯಿ ಇದೆ ಅಂದ್ರೆ ನಾನು ಹೀಗೆ ಹಂಚ್ತೀನಿ: ನೋಂದಣಿಗೆ 500, ಭಾನುವಾರದ ಓದಿಗೆ ಕಾಫಿ ತಿಂಡಿ 500, ಕನ್ನಡ ಬಲ್ಲ ಇಬ್ಬರು ಓದುಗರಿಗೆ ಹತ್ತು ಹತ್ತು ಪುಟಕ್ಕೆ ಒಟ್ಟು 500, ಉಳಿದ 500 ಮುಂದಿನ ಡ್ರಾಫ್ಟಿಗೆ ಎತ್ತಿಡ್ತೀನಿ. ಮುಂದಿನ ಡ್ರಾಫ್ಟ್ ಅಂತೂ ಇದ್ದೇ ಇರುತ್ತೆ.

ಮುಂದಿನ ವಾರ ಭಾನುವಾರದ ಓದನ್ನ ಹೇಗೆ ನಡೆಸೋದು, ಪಾತ್ರ ಹೇಗೆ ಹಂಚೋದು ಅಂತ ಮಾತಾಡೋಣ. ಅಲ್ಲಿವರೆಗೂ ಬರೀತಾ ಇರಿ.